ಮರಳಿನ ಬೆನ್ನು ಹತ್ತಿದ ವರದಿಗಾರ: ಫ್ರಾಂಕ್ ಹರ್ಬರ್ಟ್

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವೈಜ್ಞಾನಿಕ ಕಾದಂಬರಿಕಾರರಲ್ಲಿ ಅನೇಕರು ಹದಿಹರೆಯದಿಂದಲೇ ಅಗ್ಗದ ಕಥಾಮಾಸಿಕಗಳಿಗೆ ಅಂಟಿಕೊಂಡು ಬೆಳೆದವರು. ಫ್ರಾಂಕ್ ಹರ್ಬರ್ಟ್ ಬಂದದ್ದು ಸುದ್ದಿಮನೆಯಿಂದ. ‘ಡ್ಯೂನ್’ ಕಾದಂಬರಿ ಓದುವವರು ಇದನ್ನು ಮರೆಯಬಾರದು. ಮರಳುಗಾಡಿನ ಗ್ರಹ, ದೈತ್ಯ ಹುಳುಗಳು, ಚಕ್ರವರ್ತಿಗಳೆಲ್ಲ ಇರುವ ಆ ಪುಸ್ತಕ ಹುಟ್ಟಿದ್ದು ಬರೆದು ಮುಗಿಸಲಾಗದ ಒಂದು ಪತ್ರಿಕಾ ಲೇಖನದಿಂದ.

ಹರ್ಬರ್ಟ್ ಹುಟ್ಟಿದ್ದು 1920ರ ಅಕ್ಟೋಬರ್ 8ರಂದು, ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ. 1939ರಲ್ಲಿ ವಯಸ್ಸು ಹೆಚ್ಚು ಹೇಳಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಸ್ಟಾರ್ ಪತ್ರಿಕೆಗೆ ಸೇರಿಕೊಂಡರು. ಯುದ್ಧಕಾಲದಲ್ಲಿ ನೌಕಾಪಡೆಯ ನಿರ್ಮಾಣ ದಳದಲ್ಲಿ ಆರು ತಿಂಗಳು ಛಾಯಾಗ್ರಾಹಕರಾಗಿದ್ದರು. ಯುದ್ಧ ಮುಗಿದ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದರೂ ಪದವಿ ಪಡೆಯಲಿಲ್ಲ. ತಮಗೆ ಬೇಕೆನಿಸಿದ ವಿಷಯಗಳನ್ನಷ್ಟೇ ಓದಿದರು. ಅಲ್ಲಿ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಪರಿಚಯವಾದ ಬೆವರ್ಲಿ ಸ್ಟುವರ್ಟ್ ಅವರನ್ನು 1946ರಲ್ಲಿ ಮದುವೆಯಾದರು. ಆ ತರಗತಿಯಲ್ಲಿ ಬರಹ ಮಾರಿ ದುಡ್ಡು ಕಂಡಿದ್ದವರು ಇವರಿಬ್ಬರೇ. ಮೊದಲ ವೈಜ್ಞಾನಿಕ ಕಥೆ ಅಚ್ಚಾದದ್ದು 1952ರಲ್ಲಿ. ಮೊದಲ ಕಾದಂಬರಿ ‘ದಿ ಡ್ರ್ಯಾಗನ್ ಇನ್ ದ ಸೀ’ ಬಂದದ್ದು 1956ರಲ್ಲಿ: ಶತ್ರುವಿನ ಸಮುದ್ರದಡಿಯಿಂದ ಕಚ್ಚಾ ತೈಲ ಕದ್ದು, ಅದನ್ನು ಪ್ಲಾಸ್ಟಿಕ್ ಚೀಲದಂಥ ದೋಣಿಯಲ್ಲಿ ಎಳೆದು ತರುವ ನಾಲ್ವರ ಜಲಾಂತರ್ಗಾಮಿಯ ಕಥೆ. ಒಳ್ಳೆಯ ಹೆಸರು ಬಂತು, ಹಣ ಬರಲಿಲ್ಲ.

ಮುಂದಿನ ವರ್ಷ, 1957ರಲ್ಲಿ, ಅವರು ಸಣ್ಣ ವಿಮಾನವೊಂದರಲ್ಲಿ ಆರೆಗಾನ್ ಕರಾವಳಿಯ ಫ್ಲಾರೆನ್ಸ್ ಪಟ್ಟಣದ ಕಡೆ ಹೋದರು. ಅಲ್ಲಿಂದ ದಕ್ಷಿಣಕ್ಕೆ ಕೂಸ್ ಬೇವರೆಗೆ ಸುಮಾರು 40 ಮೈಲಿ ಮರಳುದಿಬ್ಬಗಳೇ. ಆ ಮರಳು ಸರಿದು ಬಂದು ರಸ್ತೆ, ರೈಲುಹಳಿ, ಮನೆಗಳನ್ನು ಮುಚ್ಚುತ್ತಿತ್ತು. ಅಮೆರಿಕದ ಕೃಷಿ ಇಲಾಖೆ ಅಲ್ಲಿ ಹುಲ್ಲು ನೆಟ್ಟು ಮರಳನ್ನು ಕಟ್ಟಿಹಾಕುವ ಕೆಲಸ ಮಾಡುತ್ತಿತ್ತು.

ಇಲ್ಲಿ ಸ್ವಲ್ಪ ನಿಂತು ಮರಳು ನಡೆಯುವುದು ಹೇಗೆಂದು ನೋಡೋಣ. ಗಾಳಿ ಮರಳನ್ನು ಹೊತ್ತೊಯ್ಯುವುದಕ್ಕಿಂತ ಹೆಚ್ಚಾಗಿ ಕುಪ್ಪಳಿಸುವಂತೆ ಮಾಡುತ್ತದೆ. ಒಂದು ಕಣ ಮೇಲೆದ್ದು, ಸ್ವಲ್ಪ ದೂರ ಹಾರಿ ಬಿದ್ದಾಗ ಅಲ್ಲಿರುವ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಹೀಗೆ ಗಾಳಿಗೆದುರಾದ ಓರೆ ಇಳಿಜಾರಿನಲ್ಲಿ ಮರಳು ಮೇಲೇರಿ, ನೆತ್ತಿ ದಾಟಿ ಹಿಂಬದಿಗೆ ಸುರಿಯುತ್ತದೆ. ಹಿಂಬದಿಯ ಇಳಿಜಾರು ಸುಮಾರು 34 ಡಿಗ್ರಿ ಮೀರಿತೆಂದರೆ ಮರಳು ಜಾರಿ ಬೀಳುತ್ತದೆ. ಈ ಬದಿಯಲ್ಲಿ ಸವೆದು ಆ ಬದಿಯಲ್ಲಿ ಬೆಳೆಯುತ್ತ ಇಡೀ ದಿಬ್ಬವೇ ಮುಂದೆ ಹೋಗುತ್ತದೆ. ಗೋಡೆ ಕಟ್ಟಿದರೆ ಮರಳು ಅದರ ಎತ್ತರಕ್ಕೆ ತುಂಬಿ, ಮೇಲಿಂದ ದಾಟುತ್ತದೆ. ಹುಲ್ಲಿನ ವಿಷಯ ಬೇರೆ. ಅದರ ಗರಿಗಳು ನೆಲಮಟ್ಟದ ಗಾಳಿಯ ವೇಗ ಮುರಿಯುವುದರಿಂದ ಮರಳು ಅಲ್ಲೇ ಬೀಳುತ್ತದೆ. ಅಲ್ಲಿ ನೆಟ್ಟ ಯುರೋಪಿನ ಕಡಲಹುಲ್ಲು ಹೂತುಹೋದರೂ ಸಾಯುವುದಿಲ್ಲ. ಹೊಸ ಗೆಣ್ಣು ಬಿಟ್ಟು ಮೇಲೆ ಬರುತ್ತದೆ, ಕೆಳಗೆ ಬೇರುಕಾಂಡಗಳ ಜಾಲ ಹಬ್ಬಿಸುತ್ತದೆ. ಹುಲ್ಲು ನೆಲೆಯಾದ ಮೇಲೆ ಸಾರಜನಕ ಕೂಡಿಸುವ ಸ್ಕಾಚ್ ಬ್ರೂಮ್ ಪೊದೆ, ಕೊನೆಗೆ ಶೋರ್ ಪೈನ್ ಮರ. ಈ ಕ್ರಮ ತಪ್ಪುವಂತಿಲ್ಲ. ನಡೆಯುವ ಮರಳಿನಲ್ಲಿ ನೇರವಾಗಿ ಮರ ನೆಟ್ಟರೆ ಒಂದೋ ಬೇರು ಬಯಲಾಗುತ್ತದೆ, ಇಲ್ಲವೇ ಸಸಿಯೇ ಸಮಾಧಿಯಾಗುತ್ತದೆ.

‘ಚಲಿಸುವ ಮರಳನ್ನು ನಿಲ್ಲಿಸಿದರು’ ಎಂಬರ್ಥದ ಶೀರ್ಷಿಕೆಯಿಟ್ಟು ಹರ್ಬರ್ಟ್ ಲೇಖನ ಶುರುಮಾಡಿದರು. ಅದು ಮುಗಿಯಲೇ ಇಲ್ಲ. ಟಿಪ್ಪಣಿಗಳು ಮಾತ್ರ ಬೆಳೆದವು: ಮರುಭೂಮಿಯ ಜನರು, ಅವರ ಧರ್ಮಗಳು, ನೀರಿನ ಹಂಚಿಕೆ, ಮರಳ ನಾಡಿನಿಂದ ಎದ್ದು ಬರುವ ಪ್ರವಾದಿಗಳು. ಓದು ಮತ್ತು ಬರವಣಿಗೆ ಸೇರಿ ಸುಮಾರು ಆರು ವರ್ಷ ಹಿಡಿಯಿತು.

ಫ್ಲಾರೆನ್ಸಿನ ಪಾಠ ಕಾದಂಬರಿಯಲ್ಲಿ ಎಷ್ಟರ ಮಟ್ಟಿಗೆ ಇಳಿದಿದೆ ಎಂಬುದಕ್ಕೆ ಪುಸ್ತಕದ ಕೊನೆಗಿರುವ ಮೊದಲ ಅನುಬಂಧ ನೋಡಬೇಕು. ಮರಳುಗಾಡೇ ಆಗಿರುವ ಅರಾಕಿಸ್ ಗ್ರಹವನ್ನು ಹಸಿರಾಗಿಸಲು ಹೊರಟ ಪಾರ್ಡಾಟ್ ಕೈನ್ಸ್ ಎಂಬ ಗ್ರಹವಿಜ್ಞಾನಿ ಮೊದಲು ನೆಡಿಸುವುದು ಬಡ ನೆಲದ ಹುಲ್ಲು. ಅದು ನಿಂತ ಮೇಲೆ ಗಡುಸು ಹುಲ್ಲು, ಆಮೇಲೆ ದಂಟಿನ ಜಾತಿಯ ಅಲ್ಪಾಯುಷಿ ಗಿಡಗಳು, ಅವುಗಳ ಹಿಂದೆ ಅದೇ ಸ್ಕಾಚ್ ಬ್ರೂಮ್, ಅದೇ ಶೋರ್ ಪೈನ್! ಆಹಾರ ಉತ್ಪಾದನೆಯ ಚಕ್ರಕ್ಕೆ ಗ್ರಹದ ಹಸಿರು ಸಸ್ಯಾಂಶದ ಶೇ. 3ರಷ್ಟು ಸೇರಿದರೆ ಮುಂದಿನದು ತಾನಾಗಿ ನಡೆಯುತ್ತದೆ, ಅಷ್ಟಕ್ಕೆ 300ರಿಂದ 500 ವರ್ಷ ಬೇಕು ಎಂಬುದು ಕೈನ್ಸ್ ಲೆಕ್ಕ. ಪುಸ್ತಕವನ್ನು ಅರ್ಪಿಸಿರುವುದೂ ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ.

ಆರೆಗಾನ್‌ನಲ್ಲಿ ಮುಂದೆ ಆದದ್ದು ಬೇರೆ. ಕಡಲಹುಲ್ಲು ತೀರದುದ್ದಕ್ಕೂ ಮರಳ ಏರಿ ಎಬ್ಬಿಸಿತು. ಒಳಗಿನ ದಿಬ್ಬಗಳಿಗೆ ಹೊಸ ಮರಳು ಬರುವುದು ನಿಂತು ಅಲ್ಲೆಲ್ಲ ಪೊದೆ ಹಬ್ಬಿತು. ಬಯಲು ಮರಳಿನಲ್ಲಿ ಮೊಟ್ಟೆಯಿಡುವ ಸ್ನೋಯಿ ಪ್ಲವರ್ ಹಕ್ಕಿಗೆ ಜಾಗ ಕಡಿಮೆಯಾಗಿ, 1993ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಈಗ ಅದೇ ಹುಲ್ಲನ್ನು ಬುಲ್ಡೋಜರ್ ಹಚ್ಚಿ ಕೀಳುತ್ತಿದ್ದಾರೆ. 1976ರ ‘ಚಿಲ್ಡ್ರನ್ ಆಫ್ ಡ್ಯೂನ್’ ಕಾದಂಬರಿಯಲ್ಲಿಯೂ ಅರಾಕಿಸ್ ಹಸಿರಾದಂತೆ ನೀರು ತಾಳದ ಹುಳುಗಳು ಅಳಿವಿನತ್ತ ಸಾಗುತ್ತವೆ. ಹುಳು ಹೋದರೆ, ಅವುಗಳಿಂದಲೇ ಹುಟ್ಟುವ, ಕಥೆಯ ಸಾಮ್ರಾಜ್ಯವೇ ನಂಬಿಕೊಂಡ ‘ಮಸಾಲೆ’ ಎಂಬ ಅಮೂಲ್ಯ ವಸ್ತುವೂ ಇಲ್ಲ.

ಎಲ್ಲ ಲೆಕ್ಕವೂ ಇಷ್ಟು ಗಟ್ಟಿಯಲ್ಲ. ಅರಾಕಿಸ್‌ನ ಜನ ಮೈಯ ನೀರು ಉಳಿಸಿಕೊಳ್ಳಲು ತೊಡುವ ಸ್ಟಿಲ್‌ಸೂಟ್ ಎಂಬ ಉಡುಪನ್ನೇ ತೆಗೆದುಕೊಳ್ಳಿ. ಒಳಪದರದ ಮೂಲಕ ಬೆವರು ಆವಿಯಾಗಿ ಹೊರಬರುತ್ತದೆ, ಮುಂದಿನ ಪದರಗಳಲ್ಲಿ ಉಪ್ಪು ಬೇರೆಯಾಗುತ್ತದೆ, ಉಸಿರಾಟ ಮತ್ತು ನಡಿಗೆಯೇ ಪಂಪಿನ ಕೆಲಸ ಮಾಡಿ ನೀರನ್ನು ಚೀಲಗಳಿಗೆ ತಳ್ಳುತ್ತದೆ, ಕೊಳವೆಯಿಂದ ಹೀರಿ ಕುಡಿಯಬೇಕು. ದಿನಕ್ಕೆ ಬೆರಳುಟೋಪಿಯಷ್ಟು ನೀರೂ ನಷ್ಟವಾಗದು ಎನ್ನುತ್ತದೆ ಕಾದಂಬರಿ. ತೊಡಕಿರುವುದು ಶಾಖದಲ್ಲಿ. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 2,400 ಜೂಲ್ ಶಾಖ ಒಯ್ಯುತ್ತದೆ. ಅದೇ ಆವಿ ಉಡುಪಿನೊಳಗೆ ಮತ್ತೆ ನೀರಾದರೆ ಅಷ್ಟೂ ಶಾಖ ವಾಪಸು. ಗಂಟೆಗೆ ಒಂದು ಲೀಟರ್ ಬೆವರುವವನ ಮೈಮೇಲೆ ಅದು ಸುಮಾರು 670 ವಾಟ್. ಸಣ್ಣ ಇಸ್ತ್ರಿಪೆಟ್ಟಿಗೆಯೊಂದನ್ನು ಹೊದ್ದು ನಡೆದಂತೆ. ಶಾಖ ವಿನಿಮಯದ ತಂತುಗಳಿವೆ ಎಂದು ಹರ್ಬರ್ಟ್ ಬರೆದಿದ್ದಾರೆ ನಿಜ, ಆದರೆ ಮೈಗಿಂತ ಬಿಸಿಯಾದ ಹೊರಗಾಳಿಗೆ ಶಾಖ ದಾಟಿಸಬೇಕಾದರೆ ಶಕ್ತಿ ವ್ಯಯಿಸುವ ಯಂತ್ರ ಬೇಕು. ಹಾಗಿದ್ದೂ ಓದುವಾಗ ಯಾರಿಗೂ ಅನುಮಾನ ಬರುವುದಿಲ್ಲ. ಮೂಗಿನ ನಳಿಗೆ, ಹಿಮ್ಮಡಿಯ ಪಂಪು, ಕುತ್ತಿಗೆಯ ಪಟ್ಟಿ ಎಂದು ಒಂದೊಂದೇ ಬಿಡಿಭಾಗ ತೋರಿಸಿ ನಂಬಿಸಿಬಿಡುವುದು ವರದಿಗಾರನ ಕಸುಬು.

ಕಾದಂಬರಿಯ ಮೊದಲ ಭಾಗ ಜಾನ್ ಕ್ಯಾಂಬೆಲ್ ಸಂಪಾದಿಸುತ್ತಿದ್ದ ‘ಅನಲಾಗ್’ ಮಾಸಿಕದಲ್ಲಿ 1963ರ ಡಿಸೆಂಬರ್‌ನಿಂದ ಮೂರು ಕಂತುಗಳಲ್ಲಿ, ಉಳಿದದ್ದು 1965ರ ಜನವರಿಯಿಂದ ಐದು ಕಂತುಗಳಲ್ಲಿ ಬಂತು. ಪುಸ್ತಕವಾಗಿ ತರಲು ಮಾತ್ರ ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಒಲ್ಲೆ ಎಂದರು. ತೀರ ಉದ್ದ ಎಂಬುದು ದೊಡ್ಡ ತಕರಾರು. ಕೊನೆಗೆ ಕೈಹಿಡಿದದ್ದು ಫಿಲಡೆಲ್ಫಿಯಾದ ಚಿಲ್ಟನ್, ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾದ ಸಂಸ್ಥೆ. ಅಲ್ಲಿ ಸಂಪಾದಕರಾಗಿದ್ದ ಸ್ಟರ್ಲಿಂಗ್ ಲೇನಿಯರ್ ಕಂತುಗಳನ್ನು ಓದಿ ತಾವೇ ಸಂಪರ್ಕಿಸಿ, 7,500 ಡಾಲರ್ ಮುಂಗಡ ಕೊಡಿಸಿದರು. 1965ರ ಆಗಸ್ಟ್‌ನಲ್ಲಿ ಹೊರಬಂದ ಪುಸ್ತಕದ ಬೆಲೆ 5 ಡಾಲರ್ 95 ಸೆಂಟ್. ಮರುವರ್ಷ, ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಕಾದಂಬರಿಗೆ ಕೊಟ್ಟ ಮೊಟ್ಟಮೊದಲ ನೆಬ್ಯುಲಾ ಪ್ರಶಸ್ತಿ ಬಂತು. ಓದುಗ ಅಭಿಮಾನಿಗಳು ಆರಿಸುವ ಹ್ಯೂಗೋ ಪ್ರಶಸ್ತಿಯನ್ನು ಇನ್ನೊಬ್ಬ ಲೇಖಕ ರೋಜರ್ ಝೆಲಾಜ್ನಿ ಜೊತೆ ಹಂಚಿಕೊಂಡರು.

ಪ್ರಶಸ್ತಿಯಿಂದ ಮನೆ ನಡೆಯುವುದಿಲ್ಲ. 1968ರ ಹೊತ್ತಿಗೆ ‘ಡ್ಯೂನ್’ ತಂದುಕೊಟ್ಟದ್ದು 20,000 ಡಾಲರ್. ಆ ಕಾಲದ ವೈಜ್ಞಾನಿಕ ಕಾದಂಬರಿಗೆ ಅದು ದೊಡ್ಡ ಮೊತ್ತವೇ, ಆದರೂ ನೌಕರಿ ಬಿಡುವಷ್ಟಲ್ಲ. ಸಿಯಾಟಲ್ ಪೋಸ್ಟ್ ಇಂಟೆಲಿಜೆನ್ಸರ್ ಪತ್ರಿಕೆಯಲ್ಲಿ ಶಿಕ್ಷಣ ವರದಿಗಾರರಾಗಿ ದುಡಿದು, 1972ರಲ್ಲಷ್ಟೇ, ಐವತ್ತು ದಾಟಿದ ಮೇಲೆ, ಪೂರ್ಣಾವಧಿ ಲೇಖಕರಾದರು. ಬೆವರ್ಲಿ 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಡೇವಿಡ್ ಲಿಂಚ್ ನಿರ್ದೇಶನದ ಚಿತ್ರ ಅದೇ ಡಿಸೆಂಬರ್‌ನಲ್ಲಿ ತೆರೆಕಂಡು ಸೋತಿತು. ಹರ್ಬರ್ಟ್ 1986ರ ಫೆಬ್ರವರಿ 11ರಂದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ನಿಧನರಾದರು. ಆಗ ಅವರಿಗೆ 65 ವರ್ಷ.

ಹೊಸದಾಗಿ ಓದಬಯಸುವವರಿಗೆ ಒಂದು ಮಾತು. ಮೊದಲ ಪುಸ್ತಕ ಮುಗಿಸಿ, ನಾಯಕ ಪಾಲ್ ಗೆದ್ದನೆಂದು ಅಲ್ಲಿಗೇ ನಿಲ್ಲಿಸಬೇಡಿ. ಎರಡನೆಯದಾದ ‘ಡ್ಯೂನ್ ಮೆಸ್ಸಾಯ’ ಗಾತ್ರದಲ್ಲಿ ಚಿಕ್ಕದು. ಅದನ್ನು ಅಚ್ಚು ಹಾಕಲು ಕ್ಯಾಂಬೆಲ್ ಒಪ್ಪಲಿಲ್ಲ. 1969ರಲ್ಲಿ ‘ಗ್ಯಾಲಕ್ಸಿ’ ಮಾಸಿಕದಲ್ಲಿ ಬಂತು. ಪಾಲ್ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಸತ್ತವರು 6,100 ಕೋಟಿ ಎಂಬ ಲೆಕ್ಕವನ್ನು ಅಲ್ಲಿ ಅವನೇ ಬಾಯಿಬಿಟ್ಟು ಹೇಳುತ್ತಾನೆ. ಹರ್ಬರ್ಟ್ ಎಚ್ಚರಿಸಹೊರಟದ್ದು ವೀರನಾಯಕರ ಬಗ್ಗೆ. ಮೊದಲ ಪುಸ್ತಕವನ್ನಷ್ಟೇ ಓದಿದವರಿಗೆ ಅದು ತಲೆಕೆಳಗಾಗಿ ಕಾಣುವ ಸಂಭವವೇ ಹೆಚ್ಚು. ಮೂರನೆಯದಾದ ‘ಚಿಲ್ಡ್ರನ್ ಆಫ್ ಡ್ಯೂನ್’ ನಂತರ ನಿಲ್ಲಿಸಿದರೆ ಅಡ್ಡಿಯಿಲ್ಲ.