ಸಹಿ ನಮ್ದು, ತೀರ್ಮಾನ ಯಾರ್ದು?

ನಮಸ್ಕಾರ ಎಲ್ರಿಗೂ. ಫ್ಯಾಮಿಲಿ ಕಂಪನಿಲಿ, ಅಂದ್ರೆ ಒಂದೇ ಕುಟುಂಬದ ಹಿಡಿತದಲ್ಲಿರೋ ಕಂಪನಿಲಿ, ತೀರ್ಮಾನ ಯಾರ್ದು ಅಂತಾನೇ ಗೊತ್ತಾಗಲ್ಲ ಅಂತ ಹೋದ ಎಪಿಸೋಡಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಫ್ಯಾಮಿಲಿ ಕಂಪನಿಲಿ ಮಾಲೀಕ್ರು ಹೆಸರು ಹಿಡಿದು ಮಾತಾಡಿಸ್ತಾರೆ, ನಿಮ್ಗೆ ಹೊಟ್ಟೆಕಿಚ್ಚು" ಅಂತ. ಸ್ವಾಮಿ, ಹೆಸರು ಹಿಡಿದು ಕರೆದ್ಬಿಟ್ರೆ ಆಯ್ತಾ? ನಾನು ಕೇಳ್ತಿರೋದು ಒಂದೇ, ತೀರ್ಮಾನ ಮಾಡೋರು ಯಾರು ಅಂತ ಬರ್ದಿಡಿ.

ಅಂಥದ್ದೇ ಒಂದು ದೊಡ್ಡ ಕಂಪನಿಲಿ ನಾನು ಪರ್ಚೇಸ್‌ನಲ್ಲಿದ್ದೆ. ಕೊಟೇಶನ್ ತರಿಸಿ, ಸ್ಯಾಂಪಲ್ ನೋಡಿ, ಎಲ್ಲಾ ಅಳೆದು ತೂಗಿ ಆರ್ಡರ್ ರೆಡಿ ಮಾಡಿರ್ತೀವಿ, ಅಷ್ಟ್ರಲ್ಲಿ ಮಾಲೀಕರ ಭಾವಮೈದನ ಫೋನು, "ಅವನಿಗೆ ಬೇಡ, ನಾನು ಹೇಳ್ದೋನಿಗೆ ಕೊಡಿ". ಅವ್ರಿಗೆ ಕಂಪನಿಲಿ ಹುದ್ದೆನೇ ಇಲ್ಲ! ಪಿಓ, ಅಂದ್ರೆ ಖರೀದಿ ಆದೇಶದ ಮೇಲೆ ಸಹಿ ನಂದು. ಮಾಲು ಕಳಪೆ ಬಂದಾಗ ಆಡಿಟ್‌ನೋರು ಹಿಡ್ಕೊಂಡಿದ್ದೂ ನನ್ನನ್ನೇ, ಫೋನ್ ಕಾಲ್‌ಗೆ ಸಾಕ್ಷಿ ಎಲ್ಲಿಂದ ತರ್ಲಿ?

ಇದು ಎಲ್ಲಿವರ್ಗೂ ಹೋಗುತ್ತೆ ಗೊತ್ತಾ? ಡಿಸೆಂಬರ್ 2014, ನ್ಯೂಯಾರ್ಕ್, ಕೊರಿಯನ್ ಏರ್ ವಿಮಾನ. ಚೇರ್ಮನ್ ಮಗಳು ಫಸ್ಟ್ ಕ್ಲಾಸಲ್ಲಿ ಕೂತಿದ್ರು, ಮಕಡೇಮಿಯಾ ಬೀಜ ತಟ್ಟೆಲಿ ಕೊಡದೆ ಪ್ಯಾಕೆಟ್ಟಲ್ಲಿ ಕೊಟ್ರು ಅಂತ ರೇಗಾಡಿದ್ರು, ಹೊರಟಿದ್ದ ವಿಮಾನ ವಾಪಸ್ ಗೇಟಿಗೆ ಬಂತು, ಸಿಬ್ಬಂದಿ ಮುಖ್ಯಸ್ಥನನ್ನ ಇಳಿಸಿ ಹೋದ್ರು. ವಿಮಾನದಲ್ಲಿ ಕೊನೇ ಮಾತು ಕ್ಯಾಪ್ಟನ್‌ದು ಅಂತ ನಿಯಮ ಇರುತ್ತೆ. ನಡೆದಿದ್ದು ಯಾರ ಮಾತು? 2015ರಲ್ಲಿ ಕೋರ್ಟು ಆ ಮಗಳಿಗೆ ಒಂದು ವರ್ಷ ಜೈಲು ಶಿಕ್ಷೆ ಕೊಡ್ತು, ಕೆಲವೇ ತಿಂಗ್ಳಲ್ಲಿ ಅಪೀಲಲ್ಲಿ ಹೊರಗ್ ಬಂದ್ರು.

"ಮಾಲೀಕ್ರ ದುಡ್ಡು, ಮಾಲೀಕ್ರ ಇಷ್ಟ" ಅಂತೀರಾ? ಹಾಗಾದ್ರೆ ಸಹೀನೂ ಅವ್ರೇ ಹಾಕ್ಲಿ! "ತೀರ್ಮಾನ ಬೇಗ ಆಗುತ್ತೆ" ಅಂತೀರಾ? ಆಗುತ್ತೆ, ಬೆಳಿಗ್ಗೆ ಅಪ್ಪ ಹೇಳಿದ್ದನ್ನ ಸಂಜೆ ಮಗ ಅಷ್ಟೇ ಬೇಗ ಬದಲಾಯಿಸ್ತಾನೆ, ನಡುವೆ ಸಾಯೋರು ನಾವು.

ಬಿಎಂಡಬ್ಲ್ಯೂ ನೋಡಿ, ಹತ್ತಿರ ಹತ್ತಿರ ಅರ್ಧ ಷೇರು ಒಂದೇ ಕುಟುಂಬದ ಕೈಲಿದೆ, ಆದ್ರೂ ಆಡಳಿತದ ಮೇಲೆ ಕಣ್ಣಿಡೋ ಮೇಲ್ವಿಚಾರಣಾ ಮಂಡಳಿಲಿ ಅರ್ಧ ಸೀಟು ನೌಕರರ ಪ್ರತಿನಿಧಿಗಳದ್ದು, 2000ಕ್ಕಿಂತ ಹೆಚ್ಚು ನೌಕರರಿರೋ ಜರ್ಮನ್ ಕಂಪನಿಗಳಿಗೆ 1976ರಿಂದ ಇರೋ ಕಾನೂನು ಅದು. ಕಂಪನಿ ಮುಳುಗಿ ಹೋಯ್ತಾ? ಇಲ್ವಲ್ಲ!

ಬರ್ದಿಡ್ರಿ, ಅಷ್ಟೇ ನಾನು ಹೇಳೋದು. ಬರ್ದಿಡೋಕೆ ಏನ್ ಕಷ್ಟ ನಿಮ್ಗೆ?

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಇಂಥ ಕಡೆ ಒದ್ದಾಡ್ತಿರೋ ಸ್ನೇಹಿತರಿಗೆ ಕಳ್ಸಿ, ನಿಮ್ಗೆ ಆಗಿದ್ದನ್ನ ಕಂಪನಿ ಹೆಸ್ರು ಹಾಕದೆ ಬರೀರಿ, ನಾನು ಎಲ್ಲಾನೂ ಓದ್ತೀನಿ. ಮತ್ತೆ ನಾಳೆ ಅಂಥ ಫೋನ್ ಬಂದ್ರೆ, ಇಟ್ಟ ತಕ್ಷಣ "ತಾವು ಫೋನಲ್ಲಿ ಹೇಳಿದ ಪ್ರಕಾರ" ಅಂತ ಒಂದು ಮೇಲ್ ಹಾಕಿ, ನಿಮ್ಮ ಮ್ಯಾನೇಜರ್‌ನ ಸಿಸಿಲಿ ಇಟ್ಟು.