ಮೊಲೊಕೈ ದ್ವೀಪದ ಫಾದರ್ ಡೇಮಿಯನ್

ಕೇಳುಗರೇ, ನಮಸ್ಕಾರ.

ಫಾದರ್ ಡೇಮಿಯನ್ ಕುಷ್ಠರೋಗಿಗಳ ನಡುವೆ ಬದುಕಿ, ಅದೇ ಕಾಯಿಲೆಯಿಂದ ತೀರಿಕೊಂಡರು ಎಂದು ಚರ್ಚಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಸಾವಿಗಿಂತ ಅದಕ್ಕೆ ಮುಂಚಿನ ವರ್ಷಗಳೇ ನನ್ನನ್ನು ಜಾಸ್ತಿ ಕಾಡುತ್ತವೆ.

ಅವರು 1840ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಹುಟ್ಟಿದವರು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಧರ್ಮಪ್ರಚಾರಕ್ಕೆ ಹೋಗಬೇಕಿದ್ದದ್ದು ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದಾಗ ಇವರು ಹೊರಟರು. ಆಗ ಹವಾಯಿ ಸರ್ಕಾರ ಕುಷ್ಠ ಬಂದವರನ್ನು ಮೊಲೊಕೈ ದ್ವೀಪದ ಒಂದು ಮೂಲೆಗೆ ಸಾಗಿಸಿಬಿಡುತ್ತಿತ್ತು. ಹಿಂದೆ ಕಡಿದಾದ ಬೆಟ್ಟ, ಉಳಿದ ಕಡೆಯೆಲ್ಲ ಸಮುದ್ರ. ಚರ್ಚಿನ ನಾಲ್ವರು ಗುರುಗಳು, ಅಂದರೆ ಪಾದ್ರಿಗಳು, ಸರದಿಯ ಮೇಲೆ ಹೋಗಿಬರಲು ಒಪ್ಪಿದರು. ಮೊದಲ ಸರದಿ ಡೇಮಿಯನ್ ಅವರದು. 1873ರ ಮೇ 10ರಂದು ಹೋದವರು ಅಲ್ಲೇ ಉಳಿದುಬಿಟ್ಟರು.

ಹುಣ್ಣು ತೊಳೆದು ಬಟ್ಟೆ ಕಟ್ಟಿದರು. ಮನೆ ಕಟ್ಟಿದರು, ಊರಿಗೆ ನೀರಿನ ಪೈಪು ಹಾಕಿಸಿದರು. ಸತ್ತವರಿಗೆ ಪೆಟ್ಟಿಗೆ ಮಾಡಿದರು, ಗುಂಡಿಯನ್ನೂ ತಾವೇ ತೋಡಿದರು. ಹುಣ್ಣಿನ ವಾಸನೆ ತಡೆಯಲಾಗದೆ ತಂಬಾಕು ಸೇದಲು ಶುರು ಮಾಡಿದರು. ಸಂತರಿಗೆ ಹೇಸಿಗೆಯೇ ಆಗುವುದಿಲ್ಲ ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಅವರಿಗೆ ಆಗುತ್ತಿತ್ತು. ಆದರೂ ಮಾರನೇ ದಿನ ಮತ್ತೆ ಹೋಗುತ್ತಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರಿಗೆ ಇದು ಚೆನ್ನಾಗಿ ಗೊತ್ತು, ಅಲ್ವಾ?

ಅದಕ್ಕಿಂತ ದೊಡ್ಡ ಕಷ್ಟ ಒಂಟಿತನ. ಪಾಪನಿವೇದನೆ, ಅಂದರೆ ತಮ್ಮ ಪಾಪಗಳನ್ನು ಹೇಳಿ ದೇವರ ಕ್ಷಮೆ ಪಡೆಯುವುದು, ಅದಕ್ಕೆ ಇನ್ನೊಬ್ಬ ಗುರು ಬೇಕಲ್ಲ? ಒಮ್ಮೆ ಮೇಲಿನ ಗುರುಗಳೊಬ್ಬರು ಹಡಗಿನಲ್ಲಿ ಬಂದರು. ಅವರನ್ನು ಇಳಿಯಲು ಬಿಡಲಿಲ್ಲ, ಇವರನ್ನು ಹತ್ತಲು ಬಿಡಲಿಲ್ಲ. ಆಗ ಡೇಮಿಯನ್ ಕೆಳಗೆ ಸಣ್ಣ ದೋಣಿಯಲ್ಲಿದ್ದುಕೊಂಡೇ ತಮ್ಮ ಪಾಪಗಳನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಪಿಸುಮಾತಿನಲ್ಲಿ ಹೇಳಲೂ ನಾವು ಹಿಂಜರಿಯುತ್ತೇವೆ. ದೇವರ ಕ್ಷಮೆಗಾಗಿ ಅವರು ಮಾನದ ಯೋಚನೆಯನ್ನೇ ಬಿಟ್ಟರು. ವಿನಯ ಎಂದಾಗ ನನಗೆ ನೆನಪಾಗುವುದು ಆ ದೋಣಿ.

ಅವರದು ಹಟದ ಸ್ವಭಾವ. ಮೇಲಿನವರಿಂದ ಬೈಸಿಕೊಂಡರು. ಆದರೂ ಸಹಾಯಕ್ಕೆ ಜನ ಕಳಿಸಿ ಎಂದು ಬೇಡುವುದನ್ನು ಬಿಡಲಿಲ್ಲ.

1884ರ ಕೊನೆಯಲ್ಲಿ ಬಿಸಿನೀರು ತಗಲಿ ಕಾಲಿನಲ್ಲಿ ಬೊಬ್ಬೆ ಎದ್ದರೂ ನೋವಾಗಲಿಲ್ಲ. ಕುಷ್ಠ ಬಂದ ಕಡೆ ನೋವು ತಿಳಿಯುವುದಿಲ್ಲ; ತಮಗೂ ಅದು ಬಂದಿದೆ ಎಂದು ಅವರಿಗೆ ಗೊತ್ತಾಯಿತು. ಆ ಕಾಲದಲ್ಲಿ ಕುಷ್ಠಕ್ಕೆ ಮದ್ದಿರಲಿಲ್ಲ. ಆಮೇಲೂ ಚರ್ಚ್ ಕಟ್ಟುವ ಕೆಲಸ, ಅನಾಥ ಮಕ್ಕಳ ಆರೈಕೆ ನಡೆದೇ ಇತ್ತು. ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಪಡಬೇಡಿ ಎಂದು ಸಂತ ಪೌಲರು ಗಲಾತ್ಯರಿಗೆ ಬರೆಯುತ್ತಾರೆ. ಬೇಸರ ಬರುತ್ತದೆ ಎಂದು ಗೊತ್ತಿದ್ದರಿಂದಲೇ ಅಲ್ವಾ ಹಾಗೆ ಬರೆದದ್ದು?

ಕೊನೆಗೆ 1888ರ ನವೆಂಬರಿನಲ್ಲಿ ಸನ್ಯಾಸಿನಿ ಮದರ್ ಮರಿಯಾನ್ ಕೋಪ್ ಇಬ್ಬರು ಸಿಸ್ಟರ್‌ಗಳೊಂದಿಗೆ ಬಂದರು. ನಿಮ್ಮ ಹುಡುಗರನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಮಾತು ಕೊಟ್ಟರು. ಮುಂದಿನ ಏಪ್ರಿಲ್ 15ರಂದು ಡೇಮಿಯನ್ ತೀರಿಕೊಂಡರು, 49ನೇ ವಯಸ್ಸಿನಲ್ಲಿ. ಮದರ್ ಮರಿಯಾನ್ 1918ರಲ್ಲಿ ಕಣ್ಣು ಮುಚ್ಚುವವರೆಗೂ ಆ ಮಾತು ಉಳಿಸಿಕೊಂಡರು.

ನಿಮ್ಮ ಬೀದಿಯಲ್ಲೂ ರೋಗಿಯೊಬ್ಬರನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಳ್ಳುತ್ತಿರುವವರು ಇರಬಹುದು. ಈ ವಾರ ಒಂದು ಹೊತ್ತು ಅವರ ಮನೆಗೆ ಹೋಗಿ. ಆ ಕೆಲಸ ನೀವು ಮಾಡಿ, ಅವರಿಗೆ ಸ್ವಲ್ಪ ಬಿಡುವು ಕೊಡಿ. ನಮಸ್ಕಾರ.