ಪಾಸ್‌ಪೋರ್ಟ್ ಭಾರತದ್ದು, ಸೀಟು ಮಾತ್ರ ಎನ್‌ಆರ್‌ಐ

ನಮಸ್ಕಾರ. ಶಾರ್ಜಾದಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುವ, ಕುಂದಾಪುರ ಕಡೆಯ ಪರಿಚಯಸ್ಥರೊಬ್ಬರ ಮನೆಗೆ ಈಚೆಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಮಗಳ ಹತ್ತನೇ ತರಗತಿಯ ಅಂಕಪಟ್ಟಿ ಇತ್ತು. ಪಕ್ಕದಲ್ಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬಿದ್ದ ಅಪ್ಪನ ವ್ಯಾಸಂಗ ಪ್ರಮಾಣಪತ್ರ. ನಲವತ್ತೈದು ದಾಟಿದ ಮನುಷ್ಯ ತಾನು ಊರಿನ ಶಾಲೆಯಲ್ಲಿ ಓದಿದ್ದಕ್ಕೆ ಸಾಕ್ಷಿ ಹುಡುಕಿ ತರಿಸಿಕೊಂಡಿದ್ದರು.

ಏಕೆಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಎಂಜಿನಿಯರಿಂಗ್‌ನ ಸರ್ಕಾರಿ ಸೀಟು ಬೇಕಿದ್ದರೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಅದಿಲ್ಲದವರಿಗೆ ಇರುವ ಒಂದು ದಾರಿ, ತಂದೆ ಅಥವಾ ತಾಯಿ ಇಲ್ಲಿ ಏಳು ವರ್ಷ ಓದಿದ್ದು, ಮಗು ಪಿಯುಸಿಯನ್ನು ಇಲ್ಲಿಯೇ ಮುಗಿಸುವುದು. ಹಾಗಾಗಿ ಹದಿನಾರರ ಹುಡುಗಿ ಅಜ್ಜಿಯ ಮನೆಗೆ ಬರಬೇಕು. ಜೊತೆಗೆ ತಾಯಿಯೂ ಬಂದರೆ ಅಪ್ಪ ಹಂಚಿಕೆಯ ಕೋಣೆಯೊಂದರ ಮೂಲೆಗೆ. ಎರಡು ವರ್ಷ ಸಂಸಾರ ಒಡೆಯುತ್ತದೆ. ಅದಾಗದಿದ್ದರೆ ಖಾಸಗಿ ಕಾಲೇಜಿನ ಎನ್‌ಆರ್‌ಐ (ಅನಿವಾಸಿ ಭಾರತೀಯ) ಕೋಟಾ ಇದೆ. ಅಲ್ಲಿ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ದಂಪತಿಗೂ ಶಾರ್ಜಾದ ಗುಮಾಸ್ತನಿಗೂ ಒಂದೇ ದುಬಾರಿ ದರ.

ಕೇಂದ್ರ ಸರ್ಕಾರಕ್ಕೆ ಈ ವ್ಯತ್ಯಾಸ ಗೊತ್ತಿದೆ. ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಿಗೆ ವಿದೇಶದಿಂದ ನೇರವಾಗಿ ಸೇರುವವರು ಸಾಮಾನ್ಯವಾಗಿ ಡಾಲರ್‌ನಲ್ಲಿ ಶುಲ್ಕ ಕಟ್ಟುತ್ತಾರೆ. ಆದರೆ ಗಲ್ಫ್‌ನ ಭಾರತೀಯ ಕಾರ್ಮಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದ್ದು, ಬೋಧನಾ ಶುಲ್ಕ ದೇಶದೊಳಗಿನ ಮಕ್ಕಳಷ್ಟೇ. ರಾಜ್ಯಕ್ಕೂ ವಿನಾಯಿತಿ ಕೊಡುವುದು ಹೊಸದಲ್ಲ. ಕಾಸರಗೋಡು, ಜತ್ತ, ಅಕ್ಕಲಕೋಟೆಗಳ ಗಡಿನಾಡ ಕನ್ನಡಿಗರ ಮಕ್ಕಳಿಗೆ ಸಿಇಟಿಯಲ್ಲಿ ಅವಕಾಶವಿದೆ. ಅದು ನ್ಯಾಯವಾದದ್ದು. ಕಡಲಾಚೆ ದುಡಿಯುವವರ ಮಕ್ಕಳು ಏನು ತಪ್ಪು ಮಾಡಿದ್ದಾರೆ?

"ಇಲ್ಲಿ ಆದಾಯ ತೆರಿಗೆ ಕಟ್ಟದವರಿಗೆ ಸರ್ಕಾರಿ ಶುಲ್ಕದ ಸೀಟು ಏಕೆ?" ಎಂದು ಕೇಳುವವರಿದ್ದಾರೆ. ತೂಕದ ಪ್ರಶ್ನೆಯೇ. ಬ್ರಿಟನ್‌ನಲ್ಲೂ ಪೌರತ್ವವೊಂದೇ ಸಾಲದು. ಕೋರ್ಸ್ ಆರಂಭವಾಗುವ ಮೊದಲಿನ ಮೂರು ವರ್ಷ ಅಲ್ಲಿ ವಾಸವಿದ್ದವರಿಗೆ ಮಾತ್ರ ಸ್ವದೇಶಿ ಶುಲ್ಕ. ಆದರೆ ಅದೇ ನಿಯಮ, ಮನೆಯವರು ಉದ್ಯೋಗಕ್ಕಾಗಿ ತಾತ್ಕಾಲಿಕವಾಗಿ ಹೊರಗೆ ಹೋಗಿದ್ದರೆ ಮಗು ದೇಶದಲ್ಲೇ ಇದ್ದಂತೆ ಪರಿಗಣಿಸಲು ಅವಕಾಶ ಕೊಡುತ್ತದೆ. ನನ್ನ ವಾದವೂ ಇಷ್ಟೇ. ಗಲ್ಫ್ ವಾಸಕ್ಕಿಂತ ತಾತ್ಕಾಲಿಕವಾದದ್ದು ಯಾವುದಿದೆ? ಇಪ್ಪತ್ತು ವರ್ಷ ದುಡಿದರೂ ನಮ್ಮವರಿಗೆ ಅಲ್ಲಿ ಸಾಮಾನ್ಯವಾಗಿ ಪೌರತ್ವ ಸಿಗುವುದಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊರೇ ಗತಿ. ಆ ಹುಡುಗಿಗೆ 'ಸ್ವದೇಶಿ ಶುಲ್ಕ' ಎಂದು ಕೇಳಲು ಭೂಮಿಯ ಮೇಲೆ ಬೇರೆ ದೇಶವೇ ಇಲ್ಲ.

ಸಿಇಟಿ ಅರ್ಹತಾ ನಿಯಮಗಳಿಗೆ ಒಂದು ಕಲಂ ಸೇರಿಸಿ. ಭಾರತೀಯ ಪಾಸ್‌ಪೋರ್ಟ್, ಗಲ್ಫ್‌ನ ಕೆಲಸದ ವೀಸಾ, ಕರ್ನಾಟಕದಲ್ಲಿ ಏಳು ವರ್ಷ ಓದಿದ ತಂದೆ ಅಥವಾ ತಾಯಿ, ಇಷ್ಟಿದ್ದರೆ ಹನ್ನೆರಡನೇ ತರಗತಿಯನ್ನು ಅಲ್ಲಿಯ ಭಾರತೀಯ ಶಾಲೆಯಲ್ಲಿ ಮುಗಿಸಿದ ಮಗುವೂ ಸಿಇಟಿ ಸೀಟಿಗೆ ಅರ್ಹ ಎಂದು ಬರೆಯಿರಿ. ದುರುಪಯೋಗದ ಭಯವಿದ್ದರೆ ಆದಾಯದ ಮಿತಿ ಹಾಕಿ. ಸಂಬಳದ ಚೀಟಿ ತೋರಿಸಲು ಶಾರ್ಜಾದ ಆ ಅಪ್ಪ ಸಿದ್ಧರಿದ್ದಾರೆ. ನಾನು ಕೇಳಿಯೇ ಬಂದಿದ್ದೇನೆ.